ದಿಮ್ಮಿಯ ಮೂತಿ ಎತ್ತಿದರೆ ಅರ್ಧ ಕೆಲಸ ಮುಗಿಯಿತು

ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕಡಿಯುವುದು ಕಷ್ಟವಲ್ಲ, ಕಡಿದ ದಿಮ್ಮಿಯನ್ನು ಲಾರಿ ಬರುವ ರಸ್ತೆಗೆ ಮುಟ್ಟಿಸುವುದು ಕಷ್ಟ. ಹಿಂದೆ ಮಲೆನಾಡಿನ ಕಾಡುಗಳಲ್ಲಿ ನಾಟ ಎಳೆಯಲು ಆನೆಗಳಿದ್ದವು. ಈಗ ಆ ಕೆಲಸ ಗಿಡದ ಸಾಲುಗಳ ನಡುವೆ ನುಸುಳುವ ಮಿನಿ ಟ್ರ್ಯಾಕ್ಟರಿನ ಪಾಲಿಗೆ ಬಂದಿದೆ. ಸರಪಳಿ ಬಿಗಿದು ಗೇರ್ ಹಾಕಿದರೆ ಹಲವು ಸಲ ಚಕ್ರ ಗಿರ್ರನೆ ತಿರುಗುತ್ತದೆ, ದಿಮ್ಮಿ ಮಾತ್ರ ಅಲ್ಲೇ ಇರುತ್ತದೆ. ‘ಎಚ್‌ಪಿ ಸಾಲದು, ದೊಡ್ಡದು ಬೇಕಿತ್ತು’ ಎನ್ನುತ್ತಾರೆ. ಶಕ್ತಿ ಸಾಲದಿದ್ದರೆ ಎಂಜಿನ್ ಆಫ್ ಆಗಬೇಕಿತ್ತು. ಚಕ್ರ ಸುತ್ತುತ್ತಿದೆ ಎಂದರೆ ಶಕ್ತಿ ಬೇಕಾದಷ್ಟಿದೆ, ನೆಲದ ಹಿಡಿತ ಸಾಲದು ಅಷ್ಟೆ.

ಲೆಕ್ಕ ಹಾಕೋಣ. 40 ಸೆಂ.ಮೀ. ದಪ್ಪ, 4 ಮೀಟರ್ ಉದ್ದದ ಹಸಿ ದಿಮ್ಮಿ ಹೆಚ್ಚುಕಡಿಮೆ ಅರ್ಧ ಟನ್ ತೂಗುತ್ತದೆ ಎಂದುಕೊಳ್ಳಿ. ಮಣ್ಣಿನ ಮೇಲೆ ಮಲಗಿಸಿ ಎಳೆದರೆ ತೂಕದ ಅರ್ಧದಷ್ಟು, ಅಂದರೆ 250 ಕಿಲೋ ಎಳೆತ ಬೇಕು. ಒಂದು ಟನ್ನಿನ ಟ್ರ್ಯಾಕ್ಟರಿನ ಹಿಂಚಕ್ರಗಳ ಮೇಲೆ 600 ಕಿಲೋ ಇದೆ ಎನ್ನಿ. ಒದ್ದೆ ಮಣ್ಣಿನಲ್ಲಿ ಅದರ ಶೇ. 40ರಷ್ಟು ಹಿಡಿತ ಸಿಕ್ಕರೆ 240 ಕಿಲೋ. ಹತ್ತು ಕಿಲೋ ಕಡಿಮೆ ಬಿತ್ತು, ಚಕ್ರ ಜಾರಿತು.

ಈಗ ದಿಮ್ಮಿಯ ಒಂದು ತುದಿಯನ್ನು ಟ್ರ್ಯಾಕ್ಟರಿನ ಹಿಂದಿರುವ ಹೈಡ್ರಾಲಿಕ್ ತೋಳುಗಳಿಂದ ಎತ್ತಿ. ಅರ್ಧ ಭಾರ ಟ್ರ್ಯಾಕ್ಟರಿನ ಮೇಲೆ ಬಂತು, ನೆಲಕ್ಕೆ ಉಜ್ಜುವುದು ಉಳಿದರ್ಧ ಮಾತ್ರ. ಬೇಕಾದ ಎಳೆತ 125 ಕಿಲೋಗೆ ಇಳಿಯಿತು. ಹಿಂಚಕ್ರದ ಮೇಲಿನ ಭಾರ 850ಕ್ಕೂ ಮೇಲೇರಿದ್ದರಿಂದ ಹಿಡಿತ 340 ದಾಟಿತು. ಎಳೆಯಬೇಕಾದ ಹೊರೆಯೇ ಎಳೆಯುವವನಿಗೆ ಕಾಲೂರಲು ನೆರವಾದ ಹಾಗೆ. ಬುಡದ ಕಡೆ ಕಟ್ಟಿದರೆ ಈ ಲಾಭ ಇನ್ನೂ ಹೆಚ್ಚು, ಏಕೆಂದರೆ ತೂಕವಿರುವುದೇ ಅಲ್ಲಿ. ಮಣ್ಣಿಗೆ ಕುತ್ತುವ ಮೂತಿ ಮೇಲೆದ್ದಿರುವುದರಿಂದ ತೋಟದಲ್ಲಿ ಆಳದ ಗೀರು ಬೀಳುವುದಿಲ್ಲ. ಅಂಥ ಗೀರೇ ಮುಂದಿನ ಮಳೆಗಾಲದಲ್ಲಿ ಕೊರಕಲಾಗುತ್ತದೆ.

ಈ ತೋಳುಗಳ ಹಿಂದೆ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತನ ಹಟವಿದೆ. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿದರೆ ಮುಂಚಕ್ರ ಎತ್ತಿ ಹಿಮ್ಮಗುಚುವುದಕ್ಕೆ ಆ ಕಾಲದ ಟ್ರ್ಯಾಕ್ಟರುಗಳು ಕುಖ್ಯಾತವಾಗಿದ್ದವು. ಅದನ್ನು ತಡೆಯಲು ಕೆಳಗೆರಡು, ಮೇಲೊಂದು, ಹೀಗೆ ಮೂರು ಕಡೆ ಸಲಕರಣೆಯನ್ನು ಹಿಡಿಯುವ ಥ್ರೀ ಪಾಯಿಂಟ್ ಲಿಂಕೇಜನ್ನು ಆತ ಹೈಡ್ರಾಲಿಕ್ ಜತೆ ಬೆಸೆದ. 1939ರಲ್ಲಿ ಫೋರ್ಡ್ ಕಂಪನಿಯ 9ಎನ್ ಟ್ರ್ಯಾಕ್ಟರಿನಲ್ಲಿ ಅದು ಹೊಲಗಳಿಗೆ ಇಳಿಯಿತು. ಇವತ್ತು ನಮ್ಮೂರಿನ ಟ್ರ್ಯಾಕ್ಟರುಗಳ ಬೆನ್ನ ಹಿಂದೆ ಇರುವುದೂ ಅದೇ.

ಆದರೆ ಎತ್ತುವುದಕ್ಕೂ ಮಿತಿಯಿದೆ. ಮೂತಿ ಒಂದು ಗೇಣು ಮೇಲೆದ್ದರೆ ಸಾಕು. ಕೊಂಡಿ ಎತ್ತರವಾದಷ್ಟೂ ಎಳೆತವು ಸನ್ನೆಗೋಲಿನಂತೆ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚಲು ನೋಡುತ್ತದೆ. ಸರಪಳಿಯನ್ನು ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಸಿಕ್ಕಿಸುವುದಂತೂ ಶುದ್ಧ ಹುಚ್ಚುತನ. ದಿಮ್ಮಿ ಬೇರಿಗೆ ತಗುಲಿ ನಿಂತರೂ ಎಂಜಿನ್ ಅಚ್ಚನ್ನು ತಿರುಗಿಸುತ್ತಲೇ ಇರುತ್ತದೆ. ಚಕ್ರ ಮುಂದೆ ಹೋಗಲಾಗದೆ ಟ್ರ್ಯಾಕ್ಟರಿನ ಮೈಯೇ ಮೇಲೇಳುತ್ತದೆ. ಕ್ಲಚ್ ತುಳಿಯಲೂ ಪುರುಸೊತ್ತು ಸಿಗದು. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಗಟ್ಟಿ ಚೌಕಟ್ಟನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ‘ಕೊಂಬೆಗೆ ತಾಗುತ್ತದೆ’ ಎಂದು ಆ ಕಂಬಿಯನ್ನು ಬಿಚ್ಚಿಡುವವರಿದ್ದಾರೆ.

ಟ್ರ್ಯಾಕ್ಟರ್ ಇಳಿಯಲಾರದ ಕಮರಿಗೆ ಹಗ್ಗ ಸುತ್ತಿ ಎಳೆಯುವ ವಿಂಚ್ ಬೇಕು. ನಾರ್ವೆ, ಫಿನ್ಲೆಂಡಿನ ಸಣ್ಣ ರೈತರು ಅದನ್ನು ಟ್ರ್ಯಾಕ್ಟರಿನ ಹಿಂದೆ ಕೂರಿಸಿ ಎಂಜಿನ್ನಿನ ಶಕ್ತಿಯನ್ನು ಹೊರಕ್ಕೆ ಕೊಡುವ ಪಿಟಿಒ ದಂಡದಿಂದ ಓಡಿಸುತ್ತಾರೆ. ಟ್ರ್ಯಾಕ್ಟರ್ ರಸ್ತೆಯಲ್ಲೇ ನಿಂತಿರುತ್ತದೆ, ಉಕ್ಕಿನ ಹಗ್ಗ ಮಾತ್ರ ಕೆಳಗಿಳಿಯುತ್ತದೆ. ವಿಂಚಿನ ಬುಡದ ದಪ್ಪ ತಗಡು ನೆಲಕ್ಕೆ ನಾಟಿಕೊಂಡು ಆಸರೆ ಕೊಡುವುದರಿಂದ ಒಂದು ಟನ್ನಿನ ಯಂತ್ರವೂ ತನ್ನ ತೂಕ ಮೀರಿದ ಬಲದಲ್ಲಿ ಎಳೆಯಬಲ್ಲದು. ಬಿಗಿದ ಹಗ್ಗದ ಹತ್ತಿರ ಮಾತ್ರ ಯಾರೂ ನಿಲ್ಲಬಾರದು. ತುಂಡಾದರೆ ಅದು ಎತ್ತ ಬೀಸುತ್ತದೋ ಹೇಳಲಾಗದು.

ಇಳಿಜಾರಿನಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ದಿಮ್ಮಿಯೇ ಹಿಂದಿನಿಂದ ಟ್ರ್ಯಾಕ್ಟರನ್ನು ತಳ್ಳಿಕೊಂಡು ಬರುತ್ತದೆ. ಅನುಭವಿ ಚಾಲಕರು ಸಣ್ಣ ಗೇರಿನಲ್ಲೇ ಇಳಿಯುತ್ತಾರೆ. ದಿಮ್ಮಿ ಜಾರತೊಡಗಿದರೆ ಹೈಡ್ರಾಲಿಕ್ ಇಳಿಸಿ ಅದರ ಮೂತಿಯನ್ನು ಮಣ್ಣಿಗೆ ಊರುತ್ತಾರೆ. ಅಷ್ಟು ಹೊತ್ತು ತಪ್ಪಿಸಿಕೊಂಡು ಬಂದ ಘರ್ಷಣೆಯೇ ಆಗ ಬ್ರೇಕ್.