ಸಿಗಡಿಕೊಳದಲ್ಲಿ ಕೈಟಿನ್ ಕರಗಿಸುವ ಜೀವಿ: ತಪ್ಪು ಕಲ್ಪನೆ ಮತ್ತು ಸತ್ಯ

ದಕ್ಷಿಣ ತೈವಾನಿನ ಸಿಹಿನೀರಿನ ಸಿಗಡಿಕೊಳವೊಂದರ ಮೇಲ್ನೀರಿನಲ್ಲಿ ದೊರೆತ ಒಂದು ಬ್ಯಾಕ್ಟೀರಿಯವು 2004ರಲ್ಲಿ ಕೈಟಿನಿಮೊನಾಸ್ ತೈವಾನೆನ್ಸಿಸ್ ಎಂಬ ಅಭಿಧಾನವನ್ನು ಪಡೆಯಿತು. ಸಿಗಡಿ, ಏಡಿ, ಕೀಟಗಳ ಹೊರಕವಚಕ್ಕೂ ಅಣಬೆಗಳ ಕೋಶಭಿತ್ತಿಗೂ ದಾರ್ಢ್ಯವನ್ನೀಯುವ ಕೈಟಿನ್ ಎಂಬ ದ್ರವ್ಯವನ್ನು ಕರಗಿಸಬಲ್ಲ ಸಾಮರ್ಥ್ಯ ಇದಕ್ಕುಂಟು. ಇಂಥ ಜೀವಿಗಳ ಸ್ವಭಾವವನ್ನೂ ಅವುಗಳನ್ನು ಹೊಸ ಪ್ರಭೇದವೆಂದು ನಿರ್ಣಯಿಸುವ ಕ್ರಮವನ್ನೂ ಕುರಿತ ಕೆಲವು ಭ್ರಾಂತಿಗಳನ್ನು ಪರಿಶೀಲಿಸುವುದು ಯುಕ್ತ.

ತಪ್ಪು ಕಲ್ಪನೆ: ಚಿಪ್ಪನ್ನು ಕರಗಿಸುವ ಬ್ಯಾಕ್ಟೀರಿಯವು ಸಿಗಡಿಯ ಶತ್ರು, ಅದನ್ನು ಕೊಳದಿಂದ ನಿರ್ಮೂಲಗೊಳಿಸುವುದೇ ಕ್ಷೇಮ.

ಸತ್ಯ: ಸಿಗಡಿಯು ಬೆಳೆಯುತ್ತ ತನ್ನ ಕವಚವನ್ನು ಮರಳಿ ಮರಳಿ ಕಳಚುತ್ತದೆ, ಹೀಗೆ ಕಳಚಿದ ಪೊರೆಗಳನ್ನು ಒಡೆದು, ಅವುಗಳಲ್ಲಿ ಬಂಧಿತವಾದ ಇಂಗಾಲವನ್ನೂ ಸಾರಜನಕವನ್ನೂ ಜೀವಚಕ್ರಕ್ಕೆ ಹಿಂದಿರುಗಿಸುವ ಮಹತ್ಕಾರ್ಯವನ್ನು ನಿರ್ವಹಿಸುವವು ಈ ಸೂಕ್ಷ್ಮಜೀವಿಗಳೇ. ಸಜೀವ ಸಿಗಡಿಯ ಕವಚದ ಅತ್ಯಂತ ಹೊರಗಿನ ಪದರದಲ್ಲಿ ಕೈಟಿನ್ ಇಲ್ಲ. ಪ್ರೋಟೀನು, ಮೇದಸ್ಸುಗಳಿಂದಾದ ಆ ತೆಳುಹೊದಿಕೆಯು ಅಕ್ಷತವಾಗಿರುವವರೆಗೆ ಒಳಗಿನ ಕೈಟಿನ್ ಬ್ಯಾಕ್ಟೀರಿಯಗಳಿಗೆ ಸುಲಭವಾಗಿ ದಕ್ಕದು. ಗಾಯದಿಂದ ಅದು ಭಿನ್ನವಾದೆಡೆ ಕಂದು, ಕಪ್ಪು ಕಲೆಗಳ ಚಿಪ್ಪುರೋಗ ತಲೆದೋರಬಹುದು. ಕೈಟಿನ್ ಕರಗಿಸುವ ವಿಬ್ರಿಯೊ ಕುಲದ ಕೆಲವು ಪ್ರಭೇದಗಳು ರೋಗಕಾರಕಗಳೆಂಬುದೂ ದಿಟವೇ. ಆದರೆ ಅವುಗಳ ದೋಷವನ್ನು ಕೈಟಿನ್ ಕರಗಿಸುವ ಸಮಸ್ತ ಜೀವಿಗಳ ಮೇಲೂ ಹೊರಿಸುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: ಕೈಟಿನ್ ಕರಗಿಸುವ ಗುಣ ಕಂಡುಬಂದರೆ ಪ್ರಭೇದವನ್ನು ಗುರುತಿಸಿದಂತೆಯೇ.

ಸತ್ಯ: ನುಣ್ಣನೆಯ ಕೈಟಿನ್ ಬೆರೆತು ಮಬ್ಬಾದ ಅಗರ್ ತಟ್ಟೆಯ ಮೇಲೆ ಕೊಳದ ನೀರನ್ನು ಸವರಿ ಇಟ್ಟರೆ, ಕೈಟಿನೇಸ್ ಎಂಬ ಕಿಣ್ವವನ್ನು ಸ್ರವಿಸುವ ಪ್ರತಿಯೊಂದು ವಸಾಹತಿನ ಸುತ್ತಲೂ ತಿಳಿಯಾದ ವಲಯವೊಂದು ಮೂಡುತ್ತದೆ. ಆ ವಲಯವು ಜೀವಿಯ ಶಕ್ತಿಗೆ ಸಾಕ್ಷಿಯೇ ಹೊರತು ಅದರ ವಂಶಕ್ಕಲ್ಲ. ತೈವಾನಿನ ಬಿಳಿಸಿಗಡಿ ಕೊಳವೊಂದರಿಂದ ದೊರೆತು 2007ರಲ್ಲಿ ವರ್ಣಿತವಾದ ಕೈಟಿನಿಲಿಟಿಕಮ್ ಅಕ್ವಟೈಲ್ ಸಹ ಕೈಟಿನನ್ನು ಕರಗಿಸತಕ್ಕದ್ದೇ. ಆದರೂ ಅದರ ಕುಲವೇ ಬೇರೆ.

ತಪ್ಪು ಕಲ್ಪನೆ: ಒಂದು ಜೀನಿನ ಅನುಕ್ರಮವನ್ನು ಓದಿದರೆ ಹೊಸತೋ ಹಳತೋ ತೀರ್ಮಾನವಾಗುತ್ತದೆ.

ಸತ್ಯ: 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಅವರು ರೈಬೊಸೋಮಿನ ಆರ್‌ಎನ್‌ಎಯನ್ನು ತುಲನೆ ಮಾಡಿ ಜೀವಲೋಕದ ಮೂಲವಿಭಾಗಗಳನ್ನೇ ಪುನರ್ವಿಚಾರಕ್ಕೆ ತಂದಂದಿನಿಂದ ಆ ಆರ್‌ಎನ್‌ಎಯ 16ಎಸ್ ಎಂಬ ಜೀನಿಗೆ ಈ ಶಾಸ್ತ್ರದಲ್ಲಿ ಅಗ್ರಸ್ಥಾನವಿದೆ. ಎರಡು ಜೀವಿಗಳ ನಡುವೆ ಅದರ ಸಾಮ್ಯವು ಸುಮಾರು ಶೇಕಡ 98.7ಕ್ಕಿಂತ ಕಡಿಮೆಯಾದರೆ ಪ್ರಭೇದ ಭಿನ್ನವೆಂದು ಬಗೆಯಬಹುದು. ಹೆಚ್ಚಾದರೆ ಮಾತ್ರ ಅದೊಂದರಿಂದಲೇ ಒಂದೇ ಪ್ರಭೇದವೆನ್ನಲಾಗದು. ಆಗ ಆ ಎರಡು ಜೀವಿಗಳ ಸಮಗ್ರ ಜೀನೋಮುಗಳನ್ನು ಹೋಲಿಸಬೇಕು. ಶೇಕಡ 95ರಿಂದ 96ರ ಸಾಮ್ಯವೇ ಅಲ್ಲಿನ ಗಡಿ. ಇದರೊಡನೆ ಮೇದಾಮ್ಲಗಳ ಸಂಯೋಜನೆ, ಬೆಳೆಯುವ ಉಷ್ಣತೆ, ಸಹಿಸುವ ಲವಣಾಂಶ, ಬಳಸುವ ಆಹಾರ ಇವೆಲ್ಲವನ್ನೂ ಸಮೀಪಬಂಧುಗಳ ಪಕ್ಕದಲ್ಲಿರಿಸಿ ಪರೀಕ್ಷಿಸುವುದು ರೂಢಿ.

ತಪ್ಪು ಕಲ್ಪನೆ: ಕಂಡುಹಿಡಿದವರು ಹೆಸರಿಟ್ಟರೆ ಹೊಸ ಪ್ರಭೇದ ಸಿದ್ಧವಾಯಿತು.

ಸತ್ಯ: ಜೀವಿ ಪುರಾತನವಾದದ್ದು, ಹೊಸತಾದದ್ದು ಅದನ್ನು ಕುರಿತ ನಮ್ಮ ಅರಿವು. ಆ ಅರಿವಿಗೆ ಮನ್ನಣೆ ದೊರೆಯಬೇಕಾದರೆ ವರ್ಣನೆಯು ನಿಯಮಾನುಸಾರ ಪ್ರಕಟವಾಗಬೇಕು; ಅದಕ್ಕೆ ಆಧಾರವಾದ ಸಜೀವ ಮಾದರಿತಳಿಯು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ನಿಕ್ಷಿಪ್ತವಾಗಿರಬೇಕು. ಸಂಶಯಪಡುವವರು ಅಲ್ಲಿಂದ ಆ ತಳಿಯನ್ನೇ ತರಿಸಿ, ಸ್ವತಃ ಬೆಳೆಸಿ ಪರೀಕ್ಷಿಸಬಹುದು. ಶೋಧಕನ ಮಾತನ್ನು ಕೇವಲ ವಿಶ್ವಾಸದಿಂದ ಒಪ್ಪಬೇಕಾದ ಅಗತ್ಯ ಯಾರಿಗೂ ಬಾರದಂತೆ ಈ ಶಾಸ್ತ್ರವು ಏರ್ಪಾಟು ಮಾಡಿಕೊಂಡಿರುವುದೇ ಅದರ ನಿಜವಾದ ಹಿರಿಮೆ.