ಶೇರು ಪೇಟೆಯ ನೌಕರಿ ಮತ್ತು ಅಮಾನತ್

ಬಿ.ಕಾಂ. ಮುಗಿಸಿದ ಮಗ ಶೇರು ದಲ್ಲಾಳಿ ಕಚೇರಿಯಲ್ಲಿ ಡೀಲರ್ ಆಗಬಹುದೇ ಎಂದು ನಮ್ಮ ಕೇಶ್ವಾಪುರದ ತಂದೆ-ತಾಯಂದಿರು ಕೇಳುವುದುಂಟು.

ಕಚೇರಿಗಳು ಸಾಮಾನ್ಯವಾಗಿ ಪದವಿ ಕೇಳುತ್ತವೆ, ಜೊತೆಗೆ ಎನ್‌ಐಎಸ್‌ಎಂ ಪ್ರಮಾಣಪತ್ರ. ಫ್ಯೂಚರ್ಸ್-ಆಪ್ಷನ್ಸ್ ಆರ್ಡರ್ ಹಾಕುವವರಿಗೆ ಎಂಟನೆಯ ಸರಣಿಯ ಪರೀಕ್ಷೆ: 100 ಅಂಕ, ಪಾಸಾಗಲು 60, ತಪ್ಪು ಉತ್ತರಕ್ಕೆ ಕಡಿತವೂ ಇದೆ. ಪ್ರಮಾಣಪತ್ರದ ಅವಧಿ 3 ವರ್ಷ.

ಕರ್ತವ್ಯದ ಮಾತೇ ದೊಡ್ಡದು. ಗ್ರಾಹಕ ಹೇಳದೆ ಒಂದು ಶೇರನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಹೇಳಿದ್ದಕ್ಕೆ ಫೋನ್ ರೆಕಾರ್ಡಿಂಗ್‌ನಂಥ ಪುರಾವೆ ಇರಬೇಕು. ಇಷ್ಟು ಲಾಭ ಖಚಿತವೆಂದು ಮಾತು ಕೊಡುವಂತಿಲ್ಲ. ಇದು ಸೆಬಿ ನಿಯಮ. ನಮಗೆ ಅಮಾನತ್ ಕೂಡ. ದಲ್ಲಾಳಿ ಹಣದ ಗುರಿ ಮುಟ್ಟಲೆಂದು ನಿವೃತ್ತ ಹಿರಿಯರಿಂದ ದಿನಕ್ಕೆ ಹತ್ತು ಸಲ ಕೊಂಡು-ಮಾರಿಸುವುದು ಖಿಯಾನತ್ ಅಲ್ಲದೆ ಮತ್ತೇನು?

ಇನ್ನು ಹಲಾಲ್ ಪ್ರಶ್ನೆ. ಹಲಾಲ್ ವ್ಯವಹಾರದ, ಬಡ್ಡಿಸಾಲ ಮಿತಿಯೊಳಗಿರುವ ಕಂಪನಿಯ ಶೇರನ್ನು ಪೂರ್ತಿ ಹಣ ಕೊಟ್ಟು ಕೊಳ್ಳಲು ಅನೇಕ ಉಲಮಾಗಳು ಅನುಮತಿಸಿದ್ದಾರೆ. ಆದರೆ ತನ್ನ ಬಳಿ ಇಲ್ಲದ್ದನ್ನು ಮಾರುವುದನ್ನು ಪ್ರವಾದಿ(ಸ) ಹಕೀಮ್ ಇಬ್ನು ಹಿಝಾಮ್‌ರಿಗೆ(ರ) ನಿಷೇಧಿಸಿದ್ದರು. ಆಪ್ಷನ್ಸ್ ಒಪ್ಪಂದ ಸಮ್ಮತವಲ್ಲವೆಂದು ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1992ರಲ್ಲೇ ತೀರ್ಮಾನಿಸಿದೆ. ಸೆಬಿಯ 2024ರ ಅಧ್ಯಯನದಂತೆ ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ಕಳೆದುಕೊಂಡದ್ದೇ ಹೆಚ್ಚು.

ಆದ್ದರಿಂದ ಯಾವ ವಿಭಾಗದ ಕೆಲಸವೆಂದು ಸಂದರ್ಶನದಲ್ಲೇ ವಿಚಾರಿಸಿ. ದಿನವಿಡೀ ಆಪ್ಷನ್ಸ್ ಆರ್ಡರ್ ಹಾಕುವುದಾದರೆ ಬೇಡವೆಂಬುದು ನಮ್ಮ ಅಭಿಪ್ರಾಯ. ನಗದು ಶೇರುಗಳ ವಿಭಾಗವಾದರೆ ಬಲ್ಲ ಆಲಿಮರನ್ನು ಕೇಳಿ ಮುಂದುವರಿಯಿರಿ. ಪೇಟೆ ಮಧ್ಯಾಹ್ನ 3.30ರವರೆಗೂ ನಡೆಯುತ್ತದೆ; ಜುಮಾ ನಮಾಝಿಗೆ ಬಿಡುವು ಸಿಗುವುದೇ ಎಂದೂ ಅಂದೇ ಕೇಳಿಕೊಳ್ಳಿ.