ಮೇಲಿನ ಟ್ಯಾಂಕು, ಕೆಳಗಿನ ಸಂಪು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಿಂದಿನ ಸಮ್ಮೇಳನಗಳ ಸಂಚಿಕೆಗಳಿಗೆ ಬರೆದಂತೆ ಈ ಬಾರಿಯೂ ಹಬ್ಬಹರಿದಿನಗಳನ್ನು ಕುರಿತೋ ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಲಿಸುವುದನ್ನು ಕುರಿತೋ ನಾನು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಆದರೆ ಈಚಿನ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ತುಂಬಿಕೊಂಡಿರುವ ವಿಷಯವೇ ಬೇರೆ. ಓಹಾಯೊ ರಾಜ್ಯದ ಕೊಲಂಬಸ್ಸಿನ ಹತ್ತಿರವಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಐವತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲೊಂದು ನಿಂತಿದೆ. ಅದರ ಎಂಜಿನ್ನಿನ ಎಣ್ಣೆ ಇರಬೇಕಾದ ಕಡೆ ಇರದೆ, ಇರಬಾರದ ಕಡೆಗೆ ಇಳಿದುಹೋಗುವ ಸಂಗತಿಯೇ ಆ ವಿಷಯ. ಮೈಸೂರಿನಲ್ಲಿ ಇತಿಹಾಸವನ್ನೂ ಕನ್ನಡ ಸಾಹಿತ್ಯವನ್ನೂ ಓದಿ ಬಿ.ಎ. ಪದವಿ ಪಡೆದು, ಮದುವೆಯಾದ ಮೇಲೆ ಮನೆವಾರ್ತೆಯಲ್ಲೇ ಕಾಲ ಕಳೆದ ಗೃಹಿಣಿಯೊಬ್ಬಳಿಗೆ ಈ ವಿದ್ಯೆ ಹೇಗೆ ಒದಗಿಬಂದಿತೆಂಬುದನ್ನು, ನಮ್ಮ ಯಜಮಾನರ ಒಪ್ಪಿಗೆ ಪಡೆದೇ, ಇಲ್ಲಿ ನಿವೇದಿಸುತ್ತಿದ್ದೇನೆ.

ಜಾವಾದಿಂದ ನಾರ್ಟನ್‌ಗೆ

ಮೈಸೂರಿನಲ್ಲಿ ಬೆಳೆದವರಿಗೆ ಜಾವಾ ಮೋಟಾರ್ ಸೈಕಲ್ಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. 1960ರ ದಶಕದ ಆರಂಭದಲ್ಲಿ ತಲೆಯೆತ್ತಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಆ ಬಂಡಿಗಳ ಸದ್ದು ನಮ್ಮೂರಿನ ಸದ್ದುಗಳಲ್ಲಿ ಒಂದಾಗಿತ್ತು. ನಮ್ಮ ಮಾವನವರ ಬಳಿಯೂ ಒಂದು ಜಾವಾ ಇತ್ತು. ಅದರಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕುವುದು. ಅದು ಎಂಜಿನ್ನನ್ನು ನೆನೆಸಿ, ಉರಿದು, ಹೊಗೆಯಾಗಿ ಹೋಗುವುದು. ಎಂಜಿನ್ನಿಗೆಂದು ಬೇರೆ ಎಣ್ಣೆಯ ಟ್ಯಾಂಕಾಗಲಿ ಪಂಪಾಗಲಿ ಇರಲಿಲ್ಲ.

ಆ ಜಾವಾದ ಮೇಲೆ ಬೆಳೆದ ನಮ್ಮ ಯಜಮಾನರು ಇಲ್ಲಿಗೆ ಬಂದು, ಎಂಜಿನಿಯರ್ ಕೆಲಸದಲ್ಲಿ ನೆಲೆನಿಂತ ಮೇಲೆ, 1998ರಲ್ಲಿ ರೈತರೊಬ್ಬರ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ನಾರ್ಟನ್ ಕಮಾಂಡೊ ಒಂದನ್ನು ಕೊಂಡು ತಂದರು. ನಾರ್ಟನ್ ಎಂಬುದು 1898ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಮನೆತನ. 1907ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆದ ಮೊಟ್ಟಮೊದಲ ಟಿ.ಟಿ. ಪಂದ್ಯದಲ್ಲಿ ಎರಡು ಸಿಲಿಂಡರಿನ ವರ್ಗವನ್ನು ಗೆದ್ದದ್ದು ನಾರ್ಟನ್ ಬಂಡಿಯೇ. ಕಮಾಂಡೊ 1967ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅದರ ತಯಾರಿಕೆ 1977ರವರೆಗೆ ನಡೆಯಿತು. ನಮ್ಮದು 1973ರ ಬಂಡಿ. ಹೆಸರಿಗೆ 850, ಲೆಕ್ಕಕ್ಕೆ 828 ಸಿ.ಸಿ. ಅದು ಮನೆಗೆ ಬಂದ ದಿನ ನಾನು ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಮರುದಿನ ಬೆಳಿಗ್ಗೆ ಗ್ಯಾರೇಜಿನ ನೆಲದ ಮೇಲೆ ಅಂಗೈಯಗಲದ ಎಣ್ಣೆಯ ಕಲೆ ಬಿದ್ದಿತ್ತು. ಅಂದಿನಿಂದ ಆರಂಭವಾಯಿತು ಈ ಕಥೆ.

ರೋಗದ ಲಕ್ಷಣ

ನಮ್ಮ ಊರುಗಳ ಮನೆಗಳಲ್ಲಿ ಅಂಗಳದ ಕೆಳಗೆ ಸಂಪು, ಮಹಡಿಯ ಮೇಲೆ ಟ್ಯಾಂಕು, ನಡುವೆ ಪಂಪು ಇರುವುದಷ್ಟೆ. ಕಮಾಂಡೊ ಎಂಜಿನ್ನಿನ ಎಣ್ಣೆಯ ವ್ಯವಸ್ಥೆಯೂ ಇದೇ ಬಗೆಯದು. ಸುಮಾರು 2.8 ಲೀಟರ್ ಎಣ್ಣೆ ಹಿಡಿಯುವ ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿ, ಸೀಟಿನ ಕೆಳಗಿದೆ. ಎಂಜಿನ್ನಿನ ಬಲಬದಿಯ ಮುಚ್ಚಳದೊಳಗೆ ಸಣ್ಣ ಪಂಪೊಂದಿದೆ; ಅದರಲ್ಲಿ ಎರಡು ಜೊತೆ ಹಲ್ಲುಚಕ್ರಗಳು. ಮೊದಲ ಜೊತೆ ಟ್ಯಾಂಕಿನ ಎಣ್ಣೆಯನ್ನು ಕ್ರ್ಯಾಂಕಿಗೆ ತಳ್ಳುತ್ತದೆ. ಬೇರಿಂಗುಗಳನ್ನು ತೋಯಿಸಿ ಕೆಳಗಿನ ಸಂಪಿಗೆ ಬಿದ್ದ ಎಣ್ಣೆಯನ್ನು ಎರಡನೆಯ ಜೊತೆ ಎತ್ತಿ ಪುನಃ ಟ್ಯಾಂಕಿಗೆ ಸೇರಿಸುತ್ತದೆ. ಎತ್ತುವ ಜೊತೆ ತಳ್ಳುವ ಜೊತೆಗಿಂತ ಅಗಲವಾದುದು. ಆದ್ದರಿಂದ ಎಂಜಿನ್ನು ಓಡುತ್ತಿರುವಾಗ ಸಂಪಿನಲ್ಲಿ ಎಣ್ಣೆ ನಿಲ್ಲುವುದಿಲ್ಲ.

ತೊಂದರೆ ಎಂಜಿನ್ನು ನಿಂತಾಗ. ಹಲ್ಲುಚಕ್ರಗಳು ತಿರುಗಬೇಕಾದರೆ ಅವಕ್ಕೂ ಪಂಪಿನ ಒಡಲಿಗೂ ನಡುವೆ ಕೂದಲೆಳೆಯಷ್ಟಾದರೂ ಬಿಡುವು ಇರಲೇಬೇಕು. ವರ್ಷಗಳು ಕಳೆದಂತೆ ಲೋಹ ಸವೆದು ಆ ಬಿಡುವು ಹಿಗ್ಗುತ್ತದೆ. ಟ್ಯಾಂಕಿನ ಎಣ್ಣೆ ತನ್ನ ಭಾರದಿಂದಲೇ ಆ ಸಂದಿನಲ್ಲಿ ಹನಿಹನಿಯಾಗಿ ನುಸುಳಿ, ಕ್ರ್ಯಾಂಕಿನ ಮೂಲಕ ಸಂಪಿಗೆ ಇಳಿಯುತ್ತದೆ. ಇದನ್ನೇ ಬಲ್ಲವರು ವೆಟ್ ಸಂಪಿಂಗ್ ಎನ್ನುತ್ತಾರೆ. ಬ್ರಿಟನ್ನಿನ ಹಲವು ಹಳೆಯ ಬಂಡಿಗಳ ಜಾಯಮಾನವೇ ಇದು. ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ನವೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮ ಬಂಡಿ ಅಲುಗದೆ ನಿಂತಿರುತ್ತದೆ. ಅಷ್ಟರಲ್ಲಿ ಟ್ಯಾಂಕು ಬಹುಪಾಲು ಬರಿದಾಗಿ ಸಂಪು ತುಂಬಿರುತ್ತದೆ.

ಹಾಗೆ ತುಂಬಿದ್ದಾಗ ಎಂಜಿನ್ನನ್ನು ಚಾಲೂ ಮಾಡಿದರೆ, ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆಗೋಲಿನಂತೆ ಕಡೆಯುತ್ತದೆ. ಈ ಎಂಜಿನ್ನಿನ ಎರಡು ಪಿಸ್ಟನ್ನುಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಕೆಳಗೆ ಹುಟ್ಟುವ ಒತ್ತಡ ಸಾಮಾನ್ಯವಾದುದಲ್ಲ. ಎಣ್ಣೆ ಸಿಕ್ಕ ಸಂದಿನಲ್ಲೆಲ್ಲ ಹೊರಬೀಳುತ್ತದೆ, ಸೀಲುಗಳು ಕೆಡುತ್ತವೆ, ಹೊಗೆ ಏಳುತ್ತದೆ. ಹಿಂದಿನ ಚಕ್ರದ ಮೇಲೆ ಎಣ್ಣೆ ಬಿದ್ದರಂತೂ ಸವಾರನ ಪ್ರಾಣಕ್ಕೇ ಸಂಚಕಾರ.

ನಮ್ಮ ಯಜಮಾನರು ಇಪ್ಪತ್ತಕ್ಕೂ ಹೆಚ್ಚು ವರ್ಷ ಇದಕ್ಕೆ ಒಂದೇ ಕ್ರಮ ಅನುಸರಿಸಿದರು. ಚಳಿಗಾಲ ಕಳೆದ ಮೇಲೆ ಮೊದಲು ಸಂಪಿನ ತಳದ ಬಿರಡೆ ಬಿಚ್ಚಿ, ನಾನು ಕೊಟ್ಟಿದ್ದ ಹಳೆಯ ದೋಸೆಹಿಟ್ಟಿನ ಪಾತ್ರೆಗೆ ಎಣ್ಣೆ ಇಳಿಸುವುದು. ಅನಂತರ ಟ್ಯಾಂಕಿಗೆ ಎಣ್ಣೆ ತುಂಬಿ ಚಾಲೂ ಮಾಡುವುದು. “ನಿಂತ ಬಂಡಿಯ ಅಳತೆಕಡ್ಡಿ ಸುಳ್ಳು ಹೇಳುತ್ತೆ. ಟ್ಯಾಂಕು ಬರಿದಾಗಿದೆ ಅಂತ ಎಣ್ಣೆ ಸುರೀಬಾರದು, ಅದು ಎಲ್ಲೂ ಹೋಗಿರೋಲ್ಲ, ಕೆಳಗೇ ಇರುತ್ತೆ” ಎಂದು ಮಗನಿಗೆ ಎಷ್ಟು ಸಾರಿ ಹೇಳಿದ್ದರೋ ಲೆಕ್ಕವಿಲ್ಲ. ಅಡಿಗೆಮನೆಯಲ್ಲಿದ್ದ ನನಗೂ ಅದು ಬಾಯಿಪಾಠವಾಗಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ

2022ರ ಏಪ್ರಿಲ್‌ನಲ್ಲಿ, ಯುಗಾದಿ ಕಳೆದ ಕೆಲವು ದಿನಗಳಿಗೆ, ಗ್ಯಾರೇಜಿನಿಂದ ದಟ್ಟವಾದ ಹೊಗೆ ಬಂದಿತು. ನಾನು ಓಡಿಹೋಗಿ ನೋಡಿದರೆ ಬಂಡಿಯ ಕೆಳಗೆ ಎಣ್ಣೆಯ ಮಡು. ಏರ್ ಫಿಲ್ಟರಿನಿಂದಲೂ ಎಣ್ಣೆ ಸುರಿಯುತ್ತಿದೆ. ಹಿಂದಿನ ಟೈರು ತೊಯ್ದು ಮಿನುಗುತ್ತಿದೆ. ಪಕ್ಕದ ಮನೆಯವರು ಅಗ್ನಿಶಾಮಕದವರನ್ನು ಕರೆಯಬೇಕೆ ಎಂದು ಕೇಳುತ್ತ ಬಂದರು. ನಮ್ಮ ಯಜಮಾನರು ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದರು. ಸಂಪಿನ ಎಣ್ಣೆಯನ್ನು ಇಳಿಸಿರಲಿಲ್ಲ. ಬರಿದಾಗಿ ಕಂಡ ಟ್ಯಾಂಕಿಗೆ ಹೊಸ ಎಣ್ಣೆ ಸುರಿದಿದ್ದರು. ನೆಲದ ಮೇಲೆ ಇನ್ನೊಂದು ಖಾಲಿ ಡಬ್ಬಿಯೂ ಇತ್ತು. ಅದನ್ನು ಸುರಿದದ್ದು ಅವರ ನೆನಪಿನಲ್ಲಿರಲಿಲ್ಲ.

ಆ ಚಳಿಗಾಲದಲ್ಲಿ ಬೀಗದ ಕೈ ಮರೆತದ್ದು, ಒಂದೇ ಪ್ರಶ್ನೆಯನ್ನು ಎರಡು ಸಾರಿ ಕೇಳಿದ್ದು, ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ಈ ಮರೆವನ್ನು ಹಾಗೆ ಹಾಕಲಾಗಲಿಲ್ಲ. ಬೇಸಗೆಯಲ್ಲಿ ವೈದ್ಯರು ಪರೀಕ್ಷೆಗಳನ್ನು ಮಾಡಿ, ಜ್ಞಾಪಕಶಕ್ತಿ ಕುಂದುವ ಕಾಯಿಲೆಯ ಮೊದಲ ಹಂತವೆಂದು ತಿಳಿಸಿದರು. ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೆ ಅವರು ಆಡಿದ ಮೊದಲ ಮಾತು, “ನಾರ್ಟನ್ನಿಗೆ ಏನಾದರೂ ವ್ಯವಸ್ಥೆ ಮಾಡಬೇಕು ಕಣೆ” ಎಂಬುದು. ನನಗೆ ಅಳುವೂ ಕೋಪವೂ ಒಟ್ಟಿಗೇ ಬಂದವು. ಆದರೆ ಅವರು ಬಂಡಿಯ ನೆಪದಲ್ಲಿ ತಮ್ಮ ಸಂಗತಿಯನ್ನೇ ಹೇಳುತ್ತಿದ್ದಾರೆಂದು ಮನೆ ಮುಟ್ಟುವಷ್ಟರಲ್ಲಿ ಅರ್ಥವಾಯಿತು.

ಯಾವ ಮದ್ದು?

ಇದಕ್ಕೆ ಎಲ್ಲಕ್ಕಿಂತ ಅಗ್ಗದ ಪರಿಹಾರವೆಂದರೆ ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಗೆ ನಲ್ಲಿ ಹಾಕುವುದು. ಬಂಡಿ ನಿಲ್ಲಿಸಿದಾಗ ಮುಚ್ಚಿದರೆ ಹನಿಯೂ ಇಳಿಯದು. ಗೆಳೆಯರೊಬ್ಬರು ಅದನ್ನು ತಂದೂ ಕೊಟ್ಟರು. ಆದರೆ ನಲ್ಲಿ ತೆರೆಯಲು ಮರೆತು ಚಾಲೂ ಮಾಡಿದರೆ ಎಂಜಿನ್ನಿಗೆ ಎಣ್ಣೆಯೇ ಹೋಗದು. ಕಮಾಂಡೊ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳು ಎಣ್ಣೆಯ ತೆಳುಪೊರೆಯ ಮೇಲೆ ತೇಲುವಂಥವು. ಪೊರೆ ಹರಿದರೆ ಅವು ಉಳಿಯುವುದಿಲ್ಲ.

“ನಲ್ಲಿ ಬೇಡ. ಅದು ನನ್ನ ನೆನಪನ್ನ ನಂಬಿಕೊಂಡಿರುತ್ತೆ” ಎಂದರು ಯಜಮಾನರು.

“ನಲ್ಲಿ ಮುಚ್ಚಿದ್ದರೆ ಚಾಲೂ ಆಗದ ಹಾಗೆ ಸ್ವಿಚ್ಚು ಇಡುತ್ತಾರಂತಲ್ಲ?” ಎಂದೆ.

“ಆ ಸ್ವಿಚ್ಚು ಕೆಟ್ಟಿದ್ದರೆ ಯಾರು ಹೇಳ್ತಾರೆ?”

ನನಗೆ ತೌರುಮನೆಯ ಬಾವಿಯ ಪಂಪು ನೆನಪಾಯಿತು. “ಬಾವಿಯೊಳಗಿನ ಕೊಳವೆಗೆ ಫುಟ್‌ವಾಲ್ವ್ ಇರುತ್ತಿತ್ತಲ್ಲ, ಅಂಥದ್ದು ಹಾಕಬಹುದಲ್ಲವೇ ರೀ?” ಎಂದು ಕೇಳಿದೆ. ಅವರ ಮುಖ ಅರಳಿತು. ಹಳೆಯ ಉತ್ಸಾಹದಿಂದ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಅಂಥ ಕವಾಟಗಳೂ ದೊರೆಯುತ್ತವೆ: ಸ್ಪ್ರಿಂಗು ಒತ್ತಿಹಿಡಿದ ಗುಂಡು ದಾರಿಯನ್ನು ಮುಚ್ಚಿರುತ್ತದೆ, ಪಂಪು ಹೀರಿದಾಗ ಗುಂಡು ಸರಿದು ದಾರಿ ಬಿಡಬೇಕು. ಆದರೆ ಪಂಪಿನ ಹೀರುವ ಬಲಕ್ಕೆ ಮಿತಿಯುಂಟು. ಗುಂಡು ಅಂಟಿಕೊಂಡರೆ, ಕೊಳವೆಯಲ್ಲಿ ಗಾಳಿ ಸೇರಿದರೆ, ಸವೆದ ಪಂಪಿಗೆ ಅದನ್ನು ಸರಿಸಲು ಆಗದೆ ಹೋಗಬಹುದು. ಆಗಲೂ ಎಂಜಿನ್ನು ಒಣಗಿಯೇ ಓಡುತ್ತದೆ. ಹೊರಗೆ ಸುಳಿವೂ ಸಿಗುವುದಿಲ್ಲ. “ಹೀರುವ ಕಡೆ ಅಡ್ಡ ಇಡಬಾರದು, ತಳ್ಳುವ ಕಡೆ ಇಡಬೇಕು” ಎಂಬುದು ಅವರ ತೀರ್ಮಾನ.

ಪಂಪು ಹೀರುವುದಕ್ಕಿಂತ ಬಹಳ ಬಲವಾಗಿ ತಳ್ಳಬಲ್ಲದು. ಪಂಪು ದಾಟಿದ ಮೇಲೆ, ಕ್ರ್ಯಾಂಕಿಗೆ ಹೋಗುವ ದಾರಿಯಲ್ಲಿ, ಹಗುರವಾದ ಸ್ಪ್ರಿಂಗಿನ ಬೆಣೆಯೊಂದನ್ನು ಇಟ್ಟರೆ, ಎಂಜಿನ್ನು ತಿರುಗಿದ ಕೂಡಲೇ ಎಣ್ಣೆಯ ಒತ್ತಡ ಅದನ್ನು ಹಿಂದಕ್ಕೆ ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ನಿಂತಾಗ ಟ್ಯಾಂಕಿನ ಎಣ್ಣೆಯ ಭಾರಕ್ಕೆ ಅದನ್ನು ಕದಲಿಸುವ ಶಕ್ತಿಯಿರದು. ಕಸ ಸಿಕ್ಕಿ ಬೆಣೆ ತೆರೆದೇ ಉಳಿದರೆ ಹಳೆಯ ಸೋರಿಕೆ ಮರಳುತ್ತದೆ, ಅಷ್ಟೆ. ತಯಾರಕರೇ 1975ರ ಮಾರ್ಕ್ 3 ಮಾದರಿಯಲ್ಲಿ ಬಲಬದಿಯ ಮುಚ್ಚಳದೊಳಗೆ ಇಂಥ ಕವಾಟವನ್ನು ಅಳವಡಿಸಿದ್ದರು. ನಮ್ಮಂಥ ಹಿಂದಿನ ಮಾದರಿಗಳ ಮುಚ್ಚಳವನ್ನೂ ಕೊರೆದು ಅದೇ ರೀತಿ ಮಾಡಿಕೊಡುವ ಕುಶಲಿಗಳು ಈ ದೇಶದಲ್ಲಿದ್ದಾರೆ.

ಗಾಜಿನ ಮೇಲಿನ ರಂಗೋಲಿ

ಆ ಚಳಿಗಾಲ ನಾನು ಅವರ ನೆನಪಾದೆ. ಅವರು ನನ್ನ ವಿದ್ಯೆಯಾದರು. ಪ್ರತಿಯೊಂದು ತಿರುಪು ಬಿಚ್ಚಿದಾಗಲೂ ಫೋಟೊ ತೆಗೆದೆ. ಬಿಡಿಭಾಗಗಳನ್ನು ಸಣ್ಣ ಚೀಲಗಳಲ್ಲಿ ಹಾಕಿ, ಎಲ್ಲಿಯದು, ಯಾವ ಸರದಿಯಲ್ಲಿ ಬಿಚ್ಚಿದ್ದು ಎಂಬುದನ್ನು ಕನ್ನಡದಲ್ಲೇ ಬರೆದಿಟ್ಟೆ. ಒಳಗೆ ಎರಡು ನಟ್ಟುಗಳನ್ನು ಬಿಚ್ಚಿದರೆ ಪಂಪು ಕೈಗೆ ಬರುತ್ತದೆ. ಅಷ್ಟು ದೊಡ್ಡ ಬಂಡಿಯ ಜೀವ ಹಿಡಿದಿರುವ ವಸ್ತು ನನ್ನ ಒಂದು ಅಂಗೈಯಲ್ಲಿ ಕುಳಿತಿತು.

ಕವಾಟವೊಂದನ್ನೇ ನಂಬದೆ ಪಂಪಿನ ಸವೆತವನ್ನೂ ಸರಿಪಡಿಸಬೇಕೆಂಬುದು ಅವರ ಹಟ. ದಪ್ಪ ಗಾಜಿನ ಹಲಗೆಯ ಮೇಲೆ ಅತಿ ನಯವಾದ ಎಮರಿ ಕಾಗದ ಹಾಸಿ, ಎಣ್ಣೆ ಸವರಿ, ಪಂಪಿನ ಒಡಲಿನ ಮುಖವನ್ನು ಅದರ ಮೇಲೆ ಎಂಟರ ಅಂಕಿಯ ಆಕಾರದಲ್ಲಿ ಆಡಿಸುತ್ತ ತೇಯಬೇಕು. ಹೀಗೆ ಒಡಲು ಎಳೆಯಷ್ಟು ತಗ್ಗಿದರೆ ಹಲ್ಲುಚಕ್ರಗಳ ಪಕ್ಕದ ಬಿಡುವು ಕುಗ್ಗುತ್ತದೆ. ನಡುನಡುವೆ ಒರಸಿ, ಜೋಡಿಸಿ, ಕೈಯಿಂದ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಸಾಲದು, ಕಚ್ಚಿಕೊಂಡರೆ ಹೆಚ್ಚಾಯಿತು, ಸ್ವಲ್ಪವೇ ಹಿಡಿದಂತೆ ತಿರುಗಿದರೆ ಸರಿ. ತೇದದ್ದು ನಾನು; ಪ್ರತಿ ಸಲವೂ ತಿರುಗಿಸಿ “ಇನ್ನೂ ಸ್ವಲ್ಪ” ಎಂದವರು ಅವರು. ಆ ದಿನ ಮಧ್ಯಾಹ್ನ ಊಟ ಮಾಡಿದ್ದನ್ನು ಅವರು ಮರೆತರು. ಆದರೆ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಐದನೆಯ ಸಲಕ್ಕೆ “ಸಾಕು” ಎಂದರು. ಮುಚ್ಚಳವನ್ನು ಅಂಚೆಯಲ್ಲಿ ಕಳಿಸಿ ಕವಾಟ ಕೂರಿಸಿ ತರಿಸಿದೆವು. ಮಗ ರಜೆಯಲ್ಲಿ ಬಂದು, ನನ್ನ ಚೀಲಗಳ ಸರದಿಯಂತೆ ಎಲ್ಲವನ್ನೂ ಜೋಡಿಸಿದ.

2023ರ ಏಪ್ರಿಲ್‌ನಲ್ಲಿ ಬಿರಡೆ ಬಿಚ್ಚಿದಾಗ ದೋಸೆಹಿಟ್ಟಿನ ಪಾತ್ರೆಗೆ ಇಳಿದದ್ದು ಒಂದು ಕಾಫಿ ಲೋಟದಷ್ಟು ಎಣ್ಣೆ ಮಾತ್ರ. ಅದಕ್ಕೂ ಮುಂಚೆ ಲೀಟರುಗಟ್ಟಲೆ ಇಳಿಯುತ್ತಿತ್ತು.

ಅವರು ಈಗ ರಸ್ತೆಯ ಮೇಲೆ ಬಂಡಿ ಓಡಿಸುವುದಿಲ್ಲ. ಆ ನಿರ್ಧಾರವನ್ನು ಅವರೇ ಮಾಡಿದರು. ಮಗ ಬಂದಾಗ ಓಡಿಸುತ್ತಾನೆ. ಬೇಸಗೆಯಲ್ಲಿ ಎರಡು ವಾರಕ್ಕೊಮ್ಮೆ ಅಂಗಳದಲ್ಲೇ ಎಂಜಿನ್ನನ್ನು ಚಾಲೂ ಮಾಡುತ್ತೇವೆ. ಮೊದಲು ನಾನು ಗೋಡೆಗೆ ಅಂಟಿಸಿದ ಕನ್ನಡದ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇನೆ. ಅವರು ಒಂದೊಂದಕ್ಕೂ “ಹೂಂ” ಎನ್ನುತ್ತಾರೆ. ಕವಾಟವಿದೆಯೆಂದು ನಾವು ಎಚ್ಚರ ತಪ್ಪುವುದಿಲ್ಲ. ಎಂಜಿನ್ನು ಗುಡುಗಿದ ಕೂಡಲೇ ಅವರು ಟ್ಯಾಂಕಿನ ಮುಚ್ಚಳ ತೆರೆದು, ಟಾರ್ಚು ಹಿಡಿದು, ಕೆಳಗಿನಿಂದ ಮರಳುವ ಎಣ್ಣೆಗಾಗಿ ಬಾಗಿ ನೋಡುತ್ತ ನಿಲ್ಲುತ್ತಾರೆ. ಸಂಪು ತುಂಬಿದ್ದರೆ ಅದು ಅಖಂಡ ಧಾರೆಯಾಗಿ ಬರುತ್ತದೆ. ಆರೋಗ್ಯವಾಗಿದ್ದರೆ ಗಾಳಿಗುಳ್ಳೆಗಳೊಡನೆ ಬಿಟ್ಟುಬಿಟ್ಟು ಚಿಮ್ಮುತ್ತದೆ.

ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ಕೊಲಂಬಸ್ಸಿನ ದಾರಿಯಲ್ಲಿ ಹೋಗುವವರಿದ್ದರೆ ದಯವಿಟ್ಟು ನಮ್ಮ ಮನೆಗೆ ಬನ್ನಿ. ಮೈಸೂರು ಪದ್ಧತಿಯ ಕಾಫಿ ಕೊಡುತ್ತೇನೆ. ನಿಮ್ಮ ಹೆಸರನ್ನು ಅವರು ಎರಡು ಸಾರಿ ಕೇಳಬಹುದು. ಎರಡು ಸಾರಿಯೂ ಹೇಳಿ. ಆಮೇಲೆ ಗ್ಯಾರೇಜಿಗೆ ಕರೆದೊಯ್ದು, ಎಂಜಿನ್ನು ಚಾಲೂ ಮಾಡಿಸಿ, ಟ್ಯಾಂಕಿನೊಳಕ್ಕೆ ಬೆಳಕು ಬಿಟ್ಟು, ಎಣ್ಣೆ ಚಿಮ್ಮಿದೊಡನೆ ತಲೆಯೆತ್ತಿ, ಪ್ರತಿ ಸಲವೂ ಹೇಳುವಂತೆ ನಿಮಗೂ ಅವರು ಹೇಳುತ್ತಾರೆ: “ಬಂತು ನೋಡಿ!”